ಬೀಚಿಗೆ ಗಾಡಿ ಇಳಿಸುವ ಮುನ್ನ...

ನನ್ನ ಫೋನಿನಲ್ಲಿ ಹದಿನೇಳು ಸೆಕೆಂಡಿನ ಒಂದು ವಿಡಿಯೊ ಇದೆ. ಸಂಜೆಯ ಕೆಂಪು ಸೂರ್ಯ, ಮಿನುಗುವ ಒದ್ದೆ ಮರಳು, ನಡುವೆ ನೀರು ಚಿಮ್ಮಿಸಿಕೊಂಡು ಓಡುವ ನನ್ನ ಗಾಡಿ. ಸ್ನೇಹಿತ ಡ್ರೋನ್‌ನಲ್ಲಿ ತೆಗೆದದ್ದು. ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದರೆ ಸಾವಿರಾರು ಲೈಕ್ ಬರುತ್ತಿತ್ತೇನೋ. ಹಾಕಲಿಲ್ಲ. ಡಿಲೀಟ್ ಕೂಡ ಮಾಡಿಲ್ಲ. ಯಾಕೆ ಅಂತ ಹೇಳೋಕೆ ಈ ಲೇಖನ.

ನಾನು ಕುಂದಾಪುರದ ಕಡೆಯವನು. ಕೆಲಸ ಬೆಂಗಳೂರಿನಲ್ಲಿ. ಎರಡು ವರ್ಷ ದುಡ್ಡು ಕೂಡಿಟ್ಟು, ಉಳಿದದ್ದಕ್ಕೆ ಸಾಲ ಮಾಡಿ ಒಂದು ಫೋರ್ ಬೈ ಫೋರ್ ಗಾಡಿ ತಗೊಂಡೆ. ವಾರವಿಡೀ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಫಸ್ಟ್ ಗೇರಿನಲ್ಲೇ ತೆವಳುವ ಗಾಡಿಗೆ ಕಾಡು, ಕೆಸರು, ಮರಳು ತೋರಿಸಬೇಕು ಅನ್ನೋ ಆಸೆ ಸಹಜ ತಾನೆ? ಕಳೆದ ಜನವರಿಯ ಲಾಂಗ್ ವೀಕೆಂಡಿಗೆ ಮೂವರು ಆಫೀಸ್ ಗೆಳೆಯರನ್ನು ಕರಕೊಂಡು ಊರಿಗೆ ಹೊರಟೆ. "ನಮ್ಮೂರ ಬೀಚು ಖಾಲಿ ಇರತ್ತೆ, ಯಾರೂ ಕೇಳಲ್ಲ" ಅಂತ ನಾನೇ ಹೇಳಿದ್ದೆ.

ಯಾರೂ ಕೇಳಲ್ಲ ಅನ್ನೋದು ಸುಳ್ಳಾಯ್ತು. ತೆಂಗಿನ ತೋಟದ ಪಕ್ಕದ ಓಣಿಯಲ್ಲಿ ಗಾಡಿ ಸಮುದ್ರದ ಕಡೆ ತಿರುಗಿದ ಕೂಡಲೇ, ಬಲೆ ಹೆಣೆಯುತ್ತಾ ಕೂತಿದ್ದ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು.

"ಹ್ವಾಯ್, ಗಾಡಿ ಅಲ್ಲೇ ನಿಲ್ಸಿ. ಕೆಳಗ್ ಇಳ್ಸ್‌ಬೇಡಿ. ಹೊಯ್ಗಿ ಮೆತ್ತಗಿತ್ತ್."

"ಎಂತ ಆತಿಲ್ಲೆ ಅಜ್ಜ, ಇದ್ ಫೋರ್ ಬೈ ಫೋರ್" ಅಂದೆ. ನಮ್ಮೂರ ಭಾಷೆಯಲ್ಲೇ ಹೇಳಿದ್ದಕ್ಕೆ ಅವರು ಸುಮ್ಮನಾದರು ಅಂದ್ಕೊಂಡೆ. ಅವರು ಏನೋ ಇನ್ನೊಂದು ಮಾತು ಕೂಗಿ ಹೇಳಿದರು. ಹಾಡಿನ ಸದ್ದಿನಲ್ಲಿ ಕೇಳಲಿಲ್ಲ.

ಒಂದು ಗಂಟೆಯ ಮಜಾ

ಯೂಟ್ಯೂಬ್ ನೋಡಿ ಕಲಿತದ್ದನ್ನೆಲ್ಲ ಮಾಡಿದೆ. ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿದೆ. ಒಣ ಮರಳಿನಲ್ಲಿ ನಿಲ್ಲಿಸಬಾರದು, ಒದ್ದೆ ಮರಳು ಗಟ್ಟಿ ಇರುತ್ತೆ, ಹಠಾತ್ ಬ್ರೇಕ್ ಹಾಕಬಾರದು, ಎಲ್ಲ ಗೊತ್ತಿತ್ತು. ಮೇಲಿನ ಒಣ ಮರಳಿನಲ್ಲಿ ಒಂದು ಕಡೆ ಮೂರ್ನಾಲ್ಕು ಕೋಲು, ಅದಕ್ಕೆ ಸುತ್ತಿದ ಹಳೇ ಬಲೆ ಕಾಣಿಸಿತು. ಕಸ ಅಂದ್ಕೊಂಡೆ. ಅದರ ಮೇಲೇ ಗಾಡಿ ತಿರುಗಿಸಿ ಕೆಳಗೆ ಇಳಿದೆ.

ಒಂದು ಗಂಟೆ ಕುಣಿದೆವು. ಆಮೇಲೆ ಅಲೆಯ ಹತ್ತಿರ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಹೂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ. ನಾಲ್ಕು ಚಕ್ರವೂ ತಿರುಗುತ್ತಿತ್ತು, ಗಾಡಿ ಮಾತ್ರ ಚಾಸಿಸ್ ಮೇಲೆ ಕೂತುಬಿಟ್ಟಿತ್ತು. ಸೂರ್ಯ ಮುಳುಗಿದ್ದ. ಇಳಿತ ಮುಗಿದು ಉಬ್ಬರ ಶುರುವಾಗಿತ್ತು. ಮೊದಲ ಅಲೆ ಬಾಗಿಲಿಗೆ ಬಡಿದಾಗ ನನ್ನ ಇಎಂಐ ನೆನಪಾಯ್ತು. ಎಂಜಿನ್ನಿಗೆ ನೀರು ಹೊಕ್ಕರೆ ಸಾಮಾನ್ಯ ಇನ್ಶೂರೆನ್ಸ್ ಸಿಗಲ್ಲ, ಅದಕ್ಕೆ ಬೇರೆ ಆ್ಯಡ್ ಆನ್ ತಗೋಬೇಕು. ನಾನು ತಗೊಂಡಿರಲಿಲ್ಲ.

ಬಂದದ್ದು ಅದೇ ಅಜ್ಜ. ಜೊತೆಗೆ ಹತ್ತು ಹನ್ನೆರಡು ಜನ, ದೋಣಿ ಎಳೆಯುವ ಟ್ರ್ಯಾಕ್ಟರ್, ಹಗ್ಗ. ನನ್ನ ಮಾವನೂ ಸುದ್ದಿ ಕೇಳಿ ಟಾರ್ಚ್ ಹಿಡಿದು ಓಡಿ ಬಂದಿದ್ದರು. ಮುಕ್ಕಾಲು ಗಂಟೆ ಎಳೆದು ಗಾಡಿಯನ್ನು ಮೇಲೆ ತಂದರು. ಯಾರೂ ಬೈಯಲಿಲ್ಲ. ಅಜ್ಜ ಮಾತ್ರ ಮೈ ಒರೆಸಿಕೊಳ್ಳುತ್ತಾ, "ಫೋರ್ ಬೈ ಫೋರಿಗೆ ಎಷ್ಟ್ ಜನ ಬೇಕಾಯ್ತ್ ಕಾಣಿ" ಅಂದರು. ಎಲ್ಲ ನಕ್ಕರು. ನಾನೂ ನಕ್ಕೆ.

ಆಮೇಲೆ ಅವರು ನನ್ನ ಕೈಯಿಂದ ಫೋನಿನ ಟಾರ್ಚ್ ತೆಗೆದುಕೊಂಡು, "ಇಲ್ಲಿ ಬಾ ಮಗಾ" ಅಂತ ಮೇಲಿನ ಮರಳಿಗೆ ಕರೆದೊಯ್ದರು. ಮುರಿದ ಎರಡು ಕೋಲು. ಹರಿದ ಬಲೆ. ಅದರ ನಡುವೆ ನನ್ನ ಟೈರಿನ ಗುರುತು.

"ಮೂರ್ ದಿನದ್ ಹಿಂದೆ ರಾತ್ರಿ ಇಲ್ಲೊಂದ್ ಆಮೆ ಮೊಟ್ಟೆ ಇಟ್ಟಿತ್ತ್. ಅದನ್ನೇ ಹೇಳುಕೆ ಕೂಗಿದ್ದ್."

ತೆಗೆದು ನೋಡೋಕಾಗಲ್ಲ

ಅರಣ್ಯ ಇಲಾಖೆಯ ವಾಚರ್ ಒಬ್ಬರು ರಾತ್ರಿಯೇ ಬಂದರು. ನಾನು ಕೇಳಿದ ಮೊದಲ ಪ್ರಶ್ನೆ: "ಸ್ವಲ್ಪ ಅಗೆದು ನೋಡೋಣವಾ ಸರ್, ಒಡೆದಿದೆಯಾ ಅಂತ?"

ಆಗಲ್ಲ ಅಂದರು. ಮೊಟ್ಟೆ ಇಟ್ಟ ಕೆಲವೇ ಗಂಟೆಯೊಳಗಾದರೆ ಜೋಪಾನವಾಗಿ ತೆಗೆದು ಬೇರೆ ಕಡೆ ಇಡಬಹುದು. ಅದಾದ ಮೇಲೆ ಒಳಗಿನ ಭ್ರೂಣ ಚಿಪ್ಪಿನ ಮೇಲ್ಭಾಗದ ಪೊರೆಗೆ ಅಂಟಿಕೊಳ್ಳುತ್ತದೆ. ಮೊಟ್ಟೆ ಸ್ವಲ್ಪ ಹೊರಳಿದರೂ ಸಾಕು, ಸತ್ತುಹೋಗುತ್ತದೆ. ಅಂದರೆ ನಾನು ಏನು ಮಾಡಿದ್ದೇನೆ ಅಂತ ತಿಳಿಯೋಕೆ ಇರುವುದು ಒಂದೇ ದಾರಿ. ಕಾಯುವುದು. ಸುಮಾರು ಐವತ್ತು ದಿನ.

ನನ್ನ ಹೆಸರು, ಗಾಡಿ ನಂಬರು ಬರೆದುಕೊಂಡರು. ಮರುದಿನ ನಡೆದದ್ದನ್ನು ನಡೆದ ಹಾಗೇ ಬರೆದು ಸಹಿ ಹಾಕಿಕೊಟ್ಟೆ. ಎಚ್ಚರಿಕೆ ಕೊಟ್ಟು, "ಮರಿ ಹೊರಗೆ ಬರಲಿ, ಆಮೇಲೆ ನೋಡೋಣ" ಅಂದರು.

ಬೆಂಗಳೂರಿಗೆ ವಾಪಸು ಬಂದ ಮೇಲೆ ನಾನು ಓದಿದ್ದೇ ಓದಿದ್ದು. ನಮ್ಮ ಕಡೆ ಬರುವುದು ಹೆಚ್ಚಾಗಿ ಆಲಿವ್ ರಿಡ್ಲಿ ಜಾತಿಯ ಕಡಲಾಮೆ. ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ. ಉಬ್ಬರದ ಗೆರೆಗಿಂತ ಮೇಲೆ, ಮೊಳದಷ್ಟು ಆಳದ ಗುಂಡಿ ತೋಡಿ ಇಟ್ಟು, ಮರಳು ಮುಚ್ಚಿ ಸಮುದ್ರಕ್ಕೆ ಹೋಗಿಬಿಡುತ್ತದೆ. ಮೇಲಿಂದ ನೋಡಿದರೆ ಏನೂ ಇಲ್ಲ. ಗೊತ್ತಿರುವವರ ಕಣ್ಣಿಗೆ ಮಾತ್ರ ಕಾಣುವುದು.

ಒಂದೂವರೆ ಟನ್ನಿಗಿಂತ ಹೆಚ್ಚು ತೂಕದ ಗಾಡಿ ಮೇಲೆ ಹೋದರೆ ಮೊಟ್ಟೆ ಒಡೆಯಲೇಬೇಕು ಅಂತಿಲ್ಲ. ಒಡೆಯದಿದ್ದರೂ ಮರಳು ಗಟ್ಟಿಯಾಗಿ ಕೂತುಬಿಡುತ್ತದೆ. ನಾಲ್ಕು ಸೆಂಟಿಮೀಟರ್ ಉದ್ದದ ಮರಿಗಳು ಎಲ್ಲ ಒಟ್ಟಿಗೆ ಸೇರಿ ಆ ಮರಳನ್ನು ಬಿಡಿಸಿಕೊಂಡು ಮೇಲೆ ಬರಬೇಕು. ಬಂದರೂ ಮುಗಿಯಲಿಲ್ಲ. ನಮಗೆ ಗೇಣು ಆಳದ ಟೈರಿನ ಗುರುತು ಅದಕ್ಕೆ ಎರಡೂ ಕಡೆ ಗೋಡೆ ಇರುವ ಓಣಿ. ಒಳಗೆ ಬಿದ್ದ ಮರಿ ಸಮುದ್ರದ ಕಡೆ ಹೋಗುವ ಬದಲು ಆ ಗುರುತಿನ ಉದ್ದಕ್ಕೂ ಓಡುತ್ತದೆ. ಸುಸ್ತಾಗುತ್ತದೆ. ಬೆಳಗಾದರೆ ಕಾಗೆ, ನಾಯಿ, ಏಡಿ ಕಾದಿರುತ್ತವೆ. ರಾತ್ರಿ ಹೆಡ್‌ಲೈಟ್ ಹಾಕಿ ನಿಲ್ಲಿಸಿದ್ದರೆ ಇನ್ನೂ ಕಷ್ಟ. ಮರಿಗಳು ಬೆಳಕಿರುವ ಕಡೆಯೇ ಸಮುದ್ರ ಅಂತ ತಿಳಿದು ಹೋಗುತ್ತವೆ.

ಆಮೆಯೊಂದೇ ಅಲ್ಲ. ಮೇಲಿನ ಮರಳಿನಲ್ಲಿ ಆಡಿನ ಗೊರಸಿನಂಥ ಎಲೆ, ನೇರಳೆ ಹೂವು ಬಿಡುವ ಬಳ್ಳಿ ಹಬ್ಬಿರುತ್ತದಲ್ಲ, ಗಾಳಿಗೆ ಹಾರುವ ಮರಳನ್ನು ಹಿಡಿದು ದಿಬ್ಬ ಕಟ್ಟುವುದು ಅದು. ಮಳೆಗಾಲದಲ್ಲಿ ಸಮುದ್ರ ಉಕ್ಕಿದಾಗ ಆ ದಿಬ್ಬ ಹಿಂದಿನ ಮನೆಗಳಿಗೆ ತಡೆ. ಟೈರಿಗೆ ಸಿಕ್ಕಿ ಬೇರು ಹರಿದರೆ ದಿಬ್ಬ ಹೋಗುತ್ತದೆ. ಆಮೇಲೆ ಕೋಟಿ ಖರ್ಚು ಮಾಡಿ ಕಲ್ಲು ಸುರಿಯಬೇಕು. ಇದನ್ನು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

"ನಿಮ್ಮ ಟ್ರ್ಯಾಕ್ಟರ್ ಓಡಬಹುದಾ?"

ಆ ರಾತ್ರಿ ನನ್ನ ಗೆಳೆಯನೊಬ್ಬ ಈ ಪ್ರಶ್ನೆ ಕೇಳಿಯೇಬಿಟ್ಟ. ನನಗೆ ಮುಜುಗರವಾಯ್ತು. ಪ್ರಶ್ನೆ ಮಾತ್ರ ಸರಿಯಾದದ್ದೇ.

ಅಜ್ಜ ಸಿಟ್ಟಾಗಲಿಲ್ಲ. "ನಮ್ ಟ್ರ್ಯಾಕ್ಟರ್ ಹೋಪ್ದ್ ಒಂದೇ ದಾರಿಯಗೆ, ದೋಣಿ ಎಳುಕೆ. ಆಮೆ ಗೂಡ್ ಎಲ್ಲಿತ್ತ್ ಅಂದೇಳಿ ನಮ್ಗ್ ಗೊತ್ತಿತ್ತ್. ನಿಮ್ದ್ ಎಲ್ಲಿಂದ ಎಲ್ಲಿಗ್ ಹೋತ್ ಅಂದೇಳಿ ನಿಮ್ಗೇ ಗೊತ್ತಿಲ್ಲೆ" ಅಂದರು.

ಕೈರಂಪಣಿ ಎಳೆಯುವವರಿಗೆ ಈ ಮರಳೇ ಆಫೀಸು. ಬಲೆ ಹರಡುವುದು, ಮೀನು ಒಣಗಿಸುವುದು, ದೋಣಿ ಮೇಲೆ ತರುವುದು ಎಲ್ಲ ಇಲ್ಲೇ. ಕತ್ತಲಲ್ಲಿ ಮರಳ ಮೇಲೆ ಮಲಗಿರುವವರೂ ಇರುತ್ತಾರೆ. ನಮ್ಮ ಆಫೀಸಿನ ಕ್ಯೂಬಿಕಲ್ ನಡುವೆ ಯಾರಾದರೂ ಬೈಕ್ ಓಡಿಸಿಕೊಂಡು ಬಂದರೆ ನಾವು ಸುಮ್ಮನಿರುತ್ತೇವಾ?

ಕಾನೂನು ಏನನ್ನುತ್ತೆ?

ಬೀಚು ಯಾರಪ್ಪನದ್ದೂ ಅಲ್ಲ ಅನ್ನೋದು ನಮ್ಮ ವಾದ. ನಿಜ. ಹಾಗೆಂದು ನಿಯಮ ಇಲ್ಲ ಅಂತಲ್ಲ.

ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ, ಆನೆಗೆ ಇರುವಷ್ಟೇ ರಕ್ಷಣೆ. ಆ ಕಾಯ್ದೆಯ ಪ್ರಕಾರ 'ಬೇಟೆ' ಅಂದರೆ ಕೊಲ್ಲುವುದಷ್ಟೇ ಅಲ್ಲ, ಮೊಟ್ಟೆಗೆ ಹಾನಿ ಮಾಡುವುದೂ ಬೇಟೆಯೇ. ಶಿಕ್ಷೆ 3ರಿಂದ 7 ವರ್ಷ ಜೈಲು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2019ರ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝೆಡ್ ಅಧಿಸೂಚನೆಯಲ್ಲಿ ಆಮೆ ಮೊಟ್ಟೆ ಇಡುವ ಜಾಗ, ಮರಳ ದಿಬ್ಬ ಇವೆಲ್ಲ ಅತಿ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿವೆ. ಇನ್ನು ಮೋಟಾರು ವಾಹನ ಕಾಯ್ದೆಯಲ್ಲಿ 'ಸಾರ್ವಜನಿಕ ಸ್ಥಳ' ಅಂದರೆ ಟಾರು ರಸ್ತೆಯೇ ಆಗಬೇಕಿಲ್ಲ, ಜನರಿಗೆ ಹೋಗುವ ಹಕ್ಕಿರುವ ಯಾವ ಜಾಗವೂ ಆಗಬಹುದು. ಹಾಗಾಗಿ ಬೀಚಿನಲ್ಲಿ ಅಡ್ಡಾದಿಡ್ಡಿ ಓಡಿಸಿದರೆ ಅಪಾಯಕಾರಿ ಚಾಲನೆಯ ಕೇಸು ಬೀಳಬಹುದು.

ನಮ್ಮ ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತಲ್ಲ, ಅದರ ಷರತ್ತುಗಳಲ್ಲೂ ಅನುಮತಿ ಇಲ್ಲದೆ ಬೀಚಿನ ಮೇಲೆ ವಾಹನ ಓಡಿಸುವಂತಿಲ್ಲ ಎಂದಿದೆ. ಪಕ್ಕದ ಗೋವಾದಲ್ಲಿ 2022ರ ಅಕ್ಟೋಬರಿನ ಆದೇಶದ ಪ್ರಕಾರ ಬೀಚಿಗೆ ಗಾಡಿ ಇಳಿಸಿದರೆ ದಂಡ 5,000 ರೂಪಾಯಿಯಿಂದ ಶುರುವಾಗಿ 50,000ದವರೆಗೂ ಹೋಗಬಹುದಿತ್ತು. ಅಲ್ಲಿನ ಮೋರ್ಜಿಂ, ಅಗೋಂದ, ಗಾಲ್ಜಿಬಾಗ್ ಬೀಚುಗಳು ಆಮೆಗಳಿಗಾಗಿಯೇ ಗುರುತಿಸಿದ ಜಾಗಗಳು.

ಪೂರ್ತಿ ಬಂದ್ ಮಾಡಬೇಕಾ?

ಆಫ್‌ರೋಡಿಂಗ್ ಇಷ್ಟಪಡುವವನಾಗಿ ನನಗೆ ಈ ಪ್ರಶ್ನೆ ಮುಖ್ಯ. ಬೇರೆ ಕಡೆ ಏನು ಮಾಡಿದ್ದಾರೆ ಅಂತ ಹುಡುಕಿದೆ. ಮೂರು ಥರದ ಉತ್ತರ ಸಿಕ್ಕಿತು.

ಒಂದು, ಜಾಗ ಗೊತ್ತುಮಾಡುವುದು. ಕಣ್ಣೂರಿನ ಹತ್ತಿರದ ಮುಳಪ್ಪಿಲಂಗಾಡ್ ಬೀಚಿಗೆ ಬೆಂಗಳೂರು, ಮೈಸೂರು, ಕೊಡಗಿನವರು ಗಾಡಿ ಓಡಿಸಲೆಂದೇ ಹೋಗುತ್ತಾರೆ. ಸುಮಾರು 4 ಕಿ.ಮೀ. ಉದ್ದ, ಗಟ್ಟಿ ಮರಳು, ಅಲೆ ತಡೆಯುವ ಬಂಡೆಗಳು. ಅಲ್ಲಿ ಓಡುತ್ತೆ ಅಂತ ನಮ್ಮ ಮರವಂತೆಯಲ್ಲೋ, ಗೋಕರ್ಣದಲ್ಲೋ ಓಡುತ್ತೆ ಅಂದ್ಕೊಂಡರೆ ನನ್ನ ಗತಿಯೇ. ಪ್ರತಿ ಬೀಚಿನ ಇಳಿಜಾರು ಬೇರೆ, ಮರಳು ಬೇರೆ.

ಎರಡು, ಹೊತ್ತು, ವೇಗ, ದಾರಿ ಗೊತ್ತುಮಾಡುವುದು. ಅಮೆರಿಕದ ಫ್ಲೋರಿಡಾದ ಡೇಟೋನಾ ಬೀಚಿನಲ್ಲಿ ಒಂದು ಕಾಲದಲ್ಲಿ ಕಾರುಗಳ ವೇಗದ ದಾಖಲೆಗಳೇ ಆಗುತ್ತಿದ್ದವು. 1995ರಲ್ಲಿ ಆಮೆಗಳ ಪರವಾಗಿ ಕೇಸು ಬಿತ್ತು. ಅರ್ಜಿದಾರರ ಪಟ್ಟಿಯಲ್ಲಿ ಮೊದಲ ಹೆಸರೇ 'ಲಾಗರ್‌ಹೆಡ್ ಆಮೆ'! ಈಗಲೂ ಅಲ್ಲಿ ಕೆಲವು ಭಾಗಗಳಲ್ಲಿ ಗಾಡಿ ಓಡಿಸಬಹುದು. ಆದರೆ ಹಗಲು ಮಾತ್ರ, ಗಂಟೆಗೆ 10 ಮೈಲಿ ವೇಗ, ಗುರುತು ಹಾಕಿದ ದಾರಿಯಲ್ಲೇ. ಮರಳ ದಿಬ್ಬದ ಬುಡದ ಪಟ್ಟಿಗೆ ಪ್ರವೇಶ ಇಲ್ಲ. ಅದೇ ದೇಶದ ಕೇಪ್ ಹ್ಯಾಟರಸ್‌ನಲ್ಲಿ 2012ರಿಂದ ಪರ್ಮಿಟ್ ಪದ್ಧತಿ ಇದೆ.

ಮೂರು, ಪೂರ್ತಿ ನಿಲ್ಲಿಸುವುದು. ದಕ್ಷಿಣ ಆಫ್ರಿಕಾ 2002ರ ಜನವರಿಯಿಂದ ತನ್ನ ಇಡೀ ಕರಾವಳಿಯಲ್ಲಿ ಮೋಜಿಗಾಗಿ ಗಾಡಿ ಓಡಿಸುವುದನ್ನು ನಿಷೇಧಿಸಿತು. ಮೀನುಗಾರಿಕೆಯಂಥ ಅಗತ್ಯಗಳಿಗೆ ಮಾತ್ರ ಅನುಮತಿ. ಮರಳಿನಲ್ಲಿ ಗೂಡು ಕಟ್ಟುವ ಹಕ್ಕಿಗಳು ಕೆಲವು ಕಡೆ ಚೇತರಿಸಿಕೊಂಡವು.

ನಮಗೆ ಯಾವುದು ಸರಿ? ನಮ್ಮ ಕರಾವಳಿ 300 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಅದರಲ್ಲಿ ಬಂದರು, ತಡೆಗೋಡೆ, ರೆಸಾರ್ಟು ಕಳೆದರೆ ಬರೀ ಮರಳು ಉಳಿದಿರುವುದು ಎಷ್ಟು? ಉತ್ತರ ಕನ್ನಡದ ತೀರಗಳಿಗೆ ಆಮೆ ಪ್ರತಿವರ್ಷ ಬರುತ್ತದೆ. 2024ರ ಆರಂಭದಲ್ಲಿ ಮಂಗಳೂರು ಬಳಿಯ ಸಸಿಹಿತ್ಲುವಿನಲ್ಲೂ ಗೂಡು ಸಿಕ್ಕಿತು. ಎಲ್ಲಿ ಬರುತ್ತೆ ಅಂತ ಮೊದಲೇ ಹೇಳೋಕಾಗದ ಕಡೆ, ಎಲ್ಲೂ ಮೋಜಿಗೆ ಗಾಡಿ ಇಳಿಸದಿರುವುದೇ ಸರಿ ಅಂತ ನನಗೀಗ ಅನಿಸುತ್ತದೆ. ದೋಣಿಯ ಟ್ರ್ಯಾಕ್ಟರ್, ಆಂಬುಲೆನ್ಸ್, ಇಲಾಖೆಯ ಗಾಡಿಗೆ ಒಂದೇ ಗೊತ್ತಾದ ದಾರಿ ಇರಲಿ. ಉಳಿದ ಓಣಿಗಳ ತುದಿಗೆ ಎರಡು ದೊಡ್ಡ ಕಲ್ಲು ಇಟ್ಟರೆ ಸಾಕು, ಬೋರ್ಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಜನ ನಡೆದು ಹೋಗಬಹುದು, ಕಾರು ಹೋಗಲ್ಲ.

ಬೇಲಿ ಹಾಕಿದರೆ ಸಾಲದು, ನಮ್ಮಂಥವರಿಗೆ ಬೇರೆ ಜಾಗವೂ ಬೇಕು. ಖಾಸಗಿ ಜಮೀನಿನಲ್ಲಿ, ತರಬೇತಿ ಕೊಟ್ಟು ನಡೆಸುವ ಆಫ್‌ರೋಡ್ ಟ್ರ್ಯಾಕ್‌ಗಳಿವೆ. ನಾನೀಗ ಅಲ್ಲಿಗೇ ಹೋಗುವುದು. ದುಡ್ಡು ಕೊಡಬೇಕು ನಿಜ. ಟ್ರ್ಯಾಕ್ಟರಿಗೆ ಜನ ಕೂಗುವ ಪ್ರಮೇಯ ಇಲ್ಲ.

ಕಡಲತೀರಕ್ಕೆ ಹೋಗುವ ಮುನ್ನ

- ಗಾಡಿ ರಸ್ತೆಯಲ್ಲೇ ನಿಲ್ಲಿಸಿ. ಗೂಗಲ್ ಮ್ಯಾಪ್ ಮರಳಿನವರೆಗೆ ದಾರಿ ತೋರಿಸಿದರೂ ಅದು ಅನುಮತಿ ಅಲ್ಲ.
- ಕೋಲು, ಬಲೆ, ಹಗ್ಗದ ಸುತ್ತು ಕಂಡರೆ ಕಸ ಅಂದುಕೊಳ್ಳಬೇಡಿ. ದೂರ ನಡೆಯಿರಿ.
- ಚಳಿಗಾಲದಿಂದ ಬೇಸಿಗೆಯವರೆಗೆ ರಾತ್ರಿ ಹೊತ್ತು ಬೀಚಿನಲ್ಲಿ ಫ್ಲ್ಯಾಶ್, ಹೆಡ್‌ಲೈಟ್, ಬೆಂಕಿ ಬೇಡ.
- ಮರಳಿನಲ್ಲಿ ಗುಂಡಿ ತೋಡಿದ್ದರೆ ಹೊರಡುವ ಮುನ್ನ ಮುಚ್ಚಿ.
- ಆಮೆಯ ಜಾಡು ಅಥವಾ ಗೂಡು ಕಂಡರೆ ಮುಟ್ಟಬೇಡಿ, ಲೊಕೇಶನ್ ಹಂಚಬೇಡಿ. ಸ್ಥಳೀಯ ಮೀನುಗಾರರಿಗೆ, ಅರಣ್ಯ ಇಲಾಖೆಗೆ ತಿಳಿಸಿ.
- ಗಾಡಿ ಸಿಕ್ಕಿಹಾಕಿಕೊಂಡರೆ ಮೊದಲು ಜನ ಇಳಿಯಿರಿ. ಗಾಡಿ ಆಮೇಲೆ. ಜೀವಕ್ಕೆ ಅಪಾಯ ಅನಿಸಿದರೆ 112.

ಐವತ್ತೊಂದನೆಯ ರಾತ್ರಿ

ಫೆಬ್ರವರಿ ಪೂರ್ತಿ ನಾನು ಮಾವನಿಗೆ ದಿನಾ ಫೋನ್ ಮಾಡುತ್ತಿದ್ದೆ. "ಎಂತ ಸುದ್ದಿ ಇಲ್ಲೆ ಮಾರಾಯ, ನಿನ್ ಕೆಲಸ ಕಾಣ್" ಅನ್ನುತ್ತಿದ್ದರು. ಊರಿನ ಹುಡುಗರು ಹೊಸ ಬೇಲಿ ಹಾಕಿ, ಸರದಿಯಲ್ಲಿ ಕಾಯುತ್ತಿದ್ದರು. ಮಾರ್ಚ್ ಎರಡನೇ ವಾರ ರಜೆ ಹಾಕಿ ಬಸ್ಸಿನಲ್ಲಿ ಊರಿಗೆ ಹೋದೆ. ಮೂರು ರಾತ್ರಿ ನಾನೂ ಅವರ ಜೊತೆ ಕೂತೆ. ಅಜ್ಜ ನನಗೊಂದು ಚಾಪೆ ತಂದುಕೊಟ್ಟರು.

ಮೂರನೆಯ ರಾತ್ರಿ ಎರಡೂವರೆ ಹೊತ್ತಿಗೆ ಮರಳು ಬಟ್ಟಲಿನ ಹಾಗೆ ಸ್ವಲ್ಪ ಕುಸಿಯಿತು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಒಂದು ಕಪ್ಪು ತಲೆ. ಮತ್ತೊಂದು. ನೋಡನೋಡುತ್ತಿದ್ದಂತೆ ಮರಳೇ ಕುದಿದ ಹಾಗೆ ಎಲ್ಲ ಒಟ್ಟಿಗೆ ಹೊರಗೆ. ಯಾರೂ ಮಾತಾಡಲಿಲ್ಲ. ಗೂಡಿನಿಂದ ನೀರಿನವರೆಗಿನ ಮರಳನ್ನು ಹುಡುಗರು ಸಂಜೆಯೇ ಹಲಗೆಯಿಂದ ಸಮ ಮಾಡಿಟ್ಟಿದ್ದರು, ಒಂದು ಹೆಜ್ಜೆ ಗುರುತೂ ಇಲ್ಲದ ಹಾಗೆ.

ಎಣಿಸಿದೆವು. ಎಪ್ಪತ್ನಾಲ್ಕು.

ಕೆಲವು ದಿನ ಬಿಟ್ಟು ವಾಚರ್ ಗೂಡು ತೆರೆದು ನೋಡಿದರು. ಮೂವತ್ತೊಂದು ಮೊಟ್ಟೆ ಮರಿಯಾಗಿರಲಿಲ್ಲ. ಕೆಲವು ಚಪ್ಪಟೆಯಾಗಿದ್ದವು. "ಎಲ್ಲ ಗೂಡಿನಲ್ಲೂ ಕೆಲವು ಹಾಳಾಗ್ತವೆ. ನಿಮ್ಮ ಗಾಡಿಯಿಂದಲೇ ಅಂತ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ" ಅಂದರು. ಕೇಸು ಹಾಕಲಿಲ್ಲ. ಲಿಖಿತ ಎಚ್ಚರಿಕೆಯ ಒಂದು ಪ್ರತಿ ನನ್ನ ಹತ್ತಿರ ಇದೆ.

ಆ ಮೂವತ್ತೊಂದರಲ್ಲಿ ನನ್ನ ಪಾಲು ಎಷ್ಟು ಅಂತ ಯಾವತ್ತೂ ಗೊತ್ತಾಗಲ್ಲ. ವಿಡಿಯೊ ಡಿಲೀಟ್ ಮಾಡದೆ ಇರುವುದು ಅದಕ್ಕೇ. ಆಫೀಸಿನಲ್ಲಿ ಯಾರಾದರೂ "ನಿಮ್ಮೂರ ಕಡೆ ಬೀಚಿನಲ್ಲಿ ಗಾಡಿ ಓಡಿಸೋಕೆ ಒಳ್ಳೇ ಜಾಗ ಹೇಳಿ" ಅಂದರೆ ಆ ಹದಿನೇಳು ಸೆಕೆಂಡು ತೋರಿಸುತ್ತೇನೆ. ಮೂರನೆಯ ಸೆಕೆಂಡಿನಲ್ಲಿ, ಎಡಗಡೆ ಮೂಲೆಯಲ್ಲಿ, ಬಿದ್ದ ಕೋಲುಗಳು ಕಾಣುತ್ತವೆ.

ನಿಮ್ಮೂರಿನ ಕಡಲತೀರದಲ್ಲಿ ಗಾಡಿಗಳ ಹಾವಳಿ ಇದೆಯಾ? ಅದನ್ನು ತಡೆಯೋಕೆ ಊರವರು ಏನು ಮಾಡಿದ್ದಾರೆ? ಅಥವಾ ನೀವೂ ನನ್ನ ಹಾಗೆ ಗಾಡಿ ಇಳಿಸಿ ಪಾಠ ಕಲಿತವರಾ? ಓದುಗರ ಅಂಕಣಕ್ಕೆ ಬರೆಯಿರಿ.